ಹೊಸ ಕವನ ಸಂಕಲನ ಆರಿಸೋದು, ಓದೋದು ಹೇಗೆ?

ರಾಯಚೂರಿನ ಪುಸ್ತಕದಂಗಡಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ, ಸಂಕಲನ ಕೈಗೆ ಬಂದ ಕೂಡಲೇ ಮುನ್ನುಡಿ ಓದಬೇಡಿ. ಅದನ್ನು ಮೊದಲೇ ಓದಿದರೆ ಕವಿತೆಯಲ್ಲಿ ಬೇರೆಯವರು ಕಂಡದ್ದೇ ನಿಮಗೂ ಕಾಣುತ್ತದೆ. ಮೊದಲ ಕವಿತೆ, ನಡುವಿನದೊಂದು, ಕೊನೆಯದು, ಈ ಮೂರನ್ನು ಓದಿ. ಮೂರೂ ಒಂದೇ ದನಿಯಲ್ಲಿದ್ದು ಒಂದೇ ಬಗೆಯಲ್ಲಿ ಮುಗಿದರೆ ಪುಸ್ತಕ ವಾಪಸ್ ಇಡಿ.

ಆಮೇಲೆ ಬಾಯಿಬಿಟ್ಟು ಓದಿ. ತತ್ವಪದ, ಮೊಹರಂ ಪದ ಕೇಳಿ ಬೆಳೆದ ಕಿವಿ ನಮ್ಮದು. ಸಾಲು ಸುಮ್ಮನೆ ಮುರಿದಿದೆಯೋ, ಉಸಿರಿಗೆ ತಕ್ಕಂತೆ ಮುರಿದಿದೆಯೋ ಅದಕ್ಕೆ ತಟ್ಟನೆ ತಿಳಿಯುತ್ತದೆ.

ಓದುಗರು ಹೆಚ್ಚು ಬೆಲೆ ಕೊಡುವುದು ನಿಖರ ಪದಕ್ಕೆ. ‘ಮಣ್ಣು’ ಎಂದರೆ ಏನೂ ಕಾಣುವುದಿಲ್ಲ. ‘ಎರಿ’ ಎಂದರೆ ಬೇಸಿಗೆಯಲ್ಲಿ ಬಾಯಿಬಿಟ್ಟ, ಮಳೆಗೆ ಕಾಲಿಗಂಟುವ ಕಪ್ಪು ನೆಲ. ‘ಮಸಾರಿ’ ಎಂದರೆ ಕೆಂಪು ನೆಲ. ಒಳ್ಳೆಯ ಕವಿ ಈ ಎರಡನ್ನು ಅದಲುಬದಲು ಮಾಡುವುದಿಲ್ಲ.

ಶುರುವಿಗೆ ರಾಯಚೂರು ಜಿಲ್ಲೆಯವರೇ ಆದ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’ ಹಿಡಿಯಿರಿ. 2012ರಲ್ಲಿ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಕೃತಿ. ಜಂಗಮ, ಫಕೀರ ಎರಡೂ ನಮ್ಮ ಓಣಿಯ ಮಾತೇ. ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ (2015ರ ಅಕಾಡೆಮಿ ಪ್ರಶಸ್ತಿ) ದೀರ್ಘ ಕಾವ್ಯ, ಅದನ್ನು ಆಮೇಲೆ ಓದಿ.

ದಿನಕ್ಕೆ ಎರಡೇ ಕವಿತೆ ಸಾಕು. ಒಂದೇ ಕೂತಿಗೆ ಮುಗಿಸಿದರೆ ಹತ್ತನೆಯದರ ಹೊತ್ತಿಗೆ ಎಲ್ಲವೂ ಕಲಸಿಹೋಗುತ್ತವೆ. ಅರ್ಥವಾಗದ ಸಾಲಿಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗಿ, ವಾರ ಬಿಟ್ಟು ಮತ್ತೆ ಅಲ್ಲಿಗೇ ಬನ್ನಿ.