ಹಿರಿಯ ರೋಗಿಗಳನ್ನು ಮನೆಗೆ ಕಳುಹಿಸುವ ಮುನ್ನ ಮಾತನಾಡುವ ಬಗೆ

ಡಿಸ್ಚಾರ್ಜ್ ದಿನ ವಾರ್ಡಿನಲ್ಲಿ ಎಲ್ಲರಿಗೂ ಅವಸರವಿರುತ್ತದೆ. ಬಿಲ್ಲಿನ ಕೆಲಸ ಮುಗಿಯಬೇಕು, ಹಾಸಿಗೆ ತೆರವಾಗಬೇಕು, ಕರೆದೊಯ್ಯಲು ಬಂದವರು ಕೆಳಗೆ ವಾಹನ ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ. ಈ ಗಡಿಬಿಡಿಯ ನಡುವೆ ಎಪ್ಪತ್ತೆಂಬತ್ತು ವರ್ಷದ ರೋಗಿಯ ಮುಂದೆ ನಿಂತು, ಐದು ನಿಮಿಷದಲ್ಲಿ ಹತ್ತು ಸೂಚನೆಗಳನ್ನು ಓದಿ ಹೇಳಿ, ‘ಅರ್ಥವಾಯಿತೇ?’ ಎಂದು ಕೇಳಿ, ಅವರು ‘ಹೂಂ’ ಎಂದ ಕೂಡಲೇ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಅನೇಕರಿಗೆ ರೂಢಿಯಾಗಿಬಿಟ್ಟಿದೆ. ಆ ‘ಹೂಂ’ ಎಂಬುದನ್ನು ನಂಬಿ ಯಾರನ್ನೂ ಮನೆಗೆ ಕಳುಹಿಸಬಾರದು ಎಂಬುದನ್ನು ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ನರ್ಸ್ ಆಗಿ ನಾನು ಹೇಳಬೇಕಾಗಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳನ್ನೂ ಕಿರಿಯ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ರೋಗಿಗಳು ವೈದ್ಯರ ಮಾತಿನಲ್ಲಿ ಎಷ್ಟನ್ನು ನೆನಪಿಟ್ಟುಕೊಳ್ಳುತ್ತಾರೆ ಎಂಬುದರ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೇಖನದ ಪ್ರಕಾರ, ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟು ಕೂಡಲೇ ಮರೆತುಹೋಗುತ್ತದೆ. ನೆನಪಿನಲ್ಲಿ ಉಳಿದದ್ದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪಾಗಿ ಉಳಿದಿರುತ್ತದೆ. ಇದು ಎಲ್ಲ ವಯಸ್ಸಿನವರಿಗೂ ಅನ್ವಯಿಸುವ ಮಾತು. ಹಿರಿಯರಿಗೆ ಇದರ ಮೇಲೆ ಆಸ್ಪತ್ರೆಯ ದಣಿವೂ ಸೇರಿಕೊಳ್ಳುತ್ತದೆ. ಅಮೆರಿಕದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ ಅವರು 2013ರಲ್ಲಿ ಈ ಸ್ಥಿತಿಗೆ ‘ಪೋಸ್ಟ್ ಹಾಸ್ಪಿಟಲ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು: ರಾತ್ರಿ ನಿದ್ರೆಯಿಲ್ಲದೆ, ಹೊಟ್ಟೆ ತುಂಬ ಉಣ್ಣದೆ, ನೋವಿನಲ್ಲಿ, ಹಾಸಿಗೆಯಲ್ಲೇ ದಿನ ಕಳೆದವರ ದೇಹವೂ ಬುದ್ಧಿಯೂ ಮನೆಗೆ ಹೋದ ಮೇಲೆಯೂ ಕೆಲವು ವಾರ ಕುಗ್ಗಿರುತ್ತವೆ, ಬಂದ ಕಾಯಿಲೆಗೇ ಸಂಬಂಧವಿಲ್ಲದ ಬೇರೆ ತೊಂದರೆಯಿಂದ ಅವರು ಮತ್ತೆ ಆಸ್ಪತ್ರೆ ಸೇರಬೇಕಾಗಬಹುದು. ನಾವು ಸೂಚನೆ ಕೊಡುವುದು ಇಂಥ ದಣಿದ ಮನಸ್ಸಿಗೆ. ಆದ್ದರಿಂದ ಈ ಮಾತುಕತೆಯನ್ನು ಕೊನೆಯ ಗಂಟೆಗೆ ಉಳಿಸಿಕೊಳ್ಳದೆ, ಡಿಸ್ಚಾರ್ಜ್ ಯಾವಾಗ ಎಂದು ಅಂದಾಜಾದ ದಿನವೇ ಶುರುಮಾಡಿ, ದಿನಕ್ಕೆ ಎರಡು ಮೂರು ವಿಷಯಗಳಂತೆ ಹಂಚಿ ಹೇಳಬೇಕು.

ಮೊದಲು ಕೇಳಿಸಬೇಕು, ಕಾಣಿಸಬೇಕು

ಒಮ್ಮೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರಿಗೆ ಇನ್ಸುಲಿನ್ ವಿಷಯವನ್ನೆಲ್ಲ ಬಿಡಿಸಿ ಹೇಳಿ ಮುಗಿಸಿದ್ದೆ. ಪ್ರತಿ ಮಾತಿಗೂ ಅವರು ನಗುತ್ತಾ ತಲೆಯಾಡಿಸಿದ್ದರು. ಆಮೇಲೆ ಸಾಮಾನು ಜೋಡಿಸಿಕೊಡಲೆಂದು ಹಾಸಿಗೆ ಪಕ್ಕದ ಡ್ರಾಯರ್ ಎಳೆದಾಗ, ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಕಿವಿಯ ಮಷಿನ್ ಕಣ್ಣಿಗೆ ಬಿತ್ತು. ಅದರ ಬ್ಯಾಟರಿ ಮುಗಿದು ನಾಲ್ಕು ದಿನವಾಗಿತ್ತು. ಬ್ಯಾಟರಿ ತರಿಸಿ ಹಾಕಿ ಮೊದಲಿನಿಂದ ಮತ್ತೆ ಹೇಳತೊಡಗಿದಾಗ ಅವರು ಗಾಬರಿಯಿಂದ ಕೇಳಿದ ಮೊದಲ ಪ್ರಶ್ನೆ ಇದು: ‘ಹಾಗಾದರೆ ಈ ಸೂಜಿಯನ್ನು ಮನೆಯಲ್ಲೂ ಚುಚ್ಚಿಕೊಳ್ಳಬೇಕೇ?’ ಅಲ್ಲಿಯವರೆಗೆ ಅವರಿಗೆ ನಾನು ಹೇಳಿದ ಒಂದು ಪದವೂ ತಲುಪಿರಲಿಲ್ಲ. ಅಂದಿನಿಂದ ನಾನು ಮಾತಿಗೆ ಕೂರುವ ಮುನ್ನ ಕಿವಿಯ ಮಷಿನ್, ಕನ್ನಡಕ, ಹಲ್ಲಿನ ಸೆಟ್ ಮೂರನ್ನೂ ವಿಚಾರಿಸುತ್ತೇನೆ.

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣವಾದ ಧ್ವನಿಗಳು. ಸ, ಶ, ಫ, ತ ಮುಂತಾದ ಅಕ್ಷರಗಳು ಕಲಸಿಹೋಗುತ್ತವೆ. ಕೂಗಿ ಹೇಳಿದರೆ ನಮ್ಮ ದನಿ ಇನ್ನಷ್ಟು ತೀಕ್ಷ್ಣವಾಗುವುದರಿಂದ ಕೂಗುವುದು ಪರಿಹಾರವಲ್ಲ. ದನಿ ತಗ್ಗಿಸಿ, ಸ್ವಲ್ಪ ನಿಧಾನವಾಗಿ, ಅವರಿಗೆ ಎದುರಾಗಿ ಕುಳಿತು, ನಮ್ಮ ತುಟಿ ಕಾಣುವಂತೆ ಬೆಳಕು ನಮ್ಮ ಮುಖದ ಮೇಲೆ ಬೀಳುವ ಹಾಗೆ ಮಾತನಾಡಬೇಕು. ಪಕ್ಕದಲ್ಲಿ ಟಿವಿ ಇದ್ದರೆ ಆರಿಸಬೇಕು. ನಿಂತು ಹೇಳಿದ್ದಕ್ಕೂ ಕುಳಿತು ಹೇಳಿದ್ದಕ್ಕೂ ತುಂಬ ವ್ಯತ್ಯಾಸವಿದೆ, ಏಕೆಂದರೆ ನಿಂತವರು ಯಾವ ಕ್ಷಣದಲ್ಲಾದರೂ ಹೊರಟುಬಿಡುತ್ತಾರೆ ಎಂದು ರೋಗಿಗೆ ಗೊತ್ತಿರುತ್ತದೆ. ಇನ್ನು ಮಕ್ಕಳೊಂದಿಗೆ ಮುದ್ದುಗರೆಯುವ ಧಾಟಿಯಾಗಲಿ, ‘ನೀನು’ ಎಂಬ ಏಕವಚನವಾಗಲಿ ಬೇಡವೇ ಬೇಡ. ‘ಅಜ್ಜಿ’, ‘ಅಜ್ಜ’ ಎಂದು ಕರೆದರೆ ಕೆಲವರಿಗೆ ಹಿತ, ಕೆಲವರಿಗೆ ಮುಜುಗರ. ಹೇಗೆ ಕರೆಯಲಿ ಎಂದು ಅವರನ್ನೇ ಕೇಳಿಬಿಡುವುದು ಒಳ್ಳೆಯದು.

ರೋಗಿಗೆ ಆ ಹೊತ್ತಿನಲ್ಲಿ ಪೂರ್ಣ ಎಚ್ಚರವಿದೆಯೇ ಎಂಬುದನ್ನೂ ಗಮನಿಸಬೇಕು. ಆಸ್ಪತ್ರೆಯಲ್ಲಿ ಹಿರಿಯರಿಗೆ ಬರುವ ಡೆಲಿರಿಯಮ್, ಅಂದರೆ ಹಠಾತ್ತನೆ ಉಂಟಾಗುವ ಬುದ್ಧಿಯ ಗೊಂದಲ, ಯಾವಾಗಲೂ ಕೂಗಾಟ ಹಾರಾಟವಾಗಿಯೇ ಕಾಣಿಸಿಕೊಳ್ಳುವುದಿಲ್ಲ. ಮಂಕಾಗಿ, ಮಾತು ಕಡಿಮೆಯಾಗಿ, ಹೇಳಿದ್ದಕ್ಕೆಲ್ಲ ಒಪ್ಪುತ್ತಾ ಮಲಗಿರುವವರಲ್ಲೂ ಅದು ಇರಬಹುದು. ನಿನ್ನೆ ಸರಿಯಾಗಿ ಮಾತನಾಡಿದವರು ಇಂದು ದಿನ, ಸ್ಥಳ ತಪ್ಪಿ ಹೇಳಿದರೆ ಸೂಚನೆ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಯಾರೊಂದಿಗೆ ಮಾತನಾಡಬೇಕು

ರೋಗಿಯನ್ನು ಪಕ್ಕದಲ್ಲಿಟ್ಟುಕೊಂಡು ಅವರ ತಲೆಯ ಮೇಲಿಂದ ಮಗನಿಗೋ ಮಗಳಿಗೋ ಹೇಳುವುದು ನಮ್ಮೆಲ್ಲರ ಕೆಟ್ಟ ಅಭ್ಯಾಸ. ಮಾತು ಮೊದಲು ರೋಗಿಯ ಜೊತೆಗೇ ನಡೆಯಬೇಕು. ಅವರ ಒಪ್ಪಿಗೆ ಪಡೆದು ಮನೆಯವರನ್ನು ಸೇರಿಸಿಕೊಳ್ಳಬೇಕು. ‘ನೀವು ಹೇಳಿ ಸಿಸ್ಟರ್, ನಾನು ನೋಡ್ಕೋತೀನಿ’ ಎನ್ನುವವರು ಹಲವು ಸಲ ಕರೆದೊಯ್ಯಲು ಬಂದವರಷ್ಟೇ ಆಗಿರುತ್ತಾರೆ, ಬೆಳಿಗ್ಗೆ ರಾತ್ರಿ ಮಾತ್ರೆ ತೆಗೆದು ಕೈಗೆ ಕೊಡುವವರು ಬೇರೆಯೇ ಇರುತ್ತಾರೆ. ಆ ಬೇರೆಯವರು ಯಾರು ಎಂದು ಕೇಳಿ, ಅವರು ಬರುವ ಹೊತ್ತಿಗೆ ಮಾತುಕತೆ ಇಟ್ಟುಕೊಳ್ಳಿ. ಬರಲಾಗದಿದ್ದರೆ ಅಲ್ಲಿಂದಲೇ ಫೋನ್ ಮಾಡಿ ಹೇಳಿ. ಮನೆಯವರೆದುರು ಬಾಯಿ ಬಿಡದ ಸಂಗತಿಗಳೂ ಇರುತ್ತವೆ: ಮೂತ್ರ ಹಿಡಿದಿಟ್ಟುಕೊಳ್ಳಲು ಆಗದಿರುವುದು, ಬಿದ್ದಿದ್ದನ್ನು ಮುಚ್ಚಿಟ್ಟಿರುವುದು, ಮನೆಯಲ್ಲಿ ತಾನು ಹೊರೆಯಾಗುತ್ತೇನೆಂಬ ಅಂಜಿಕೆ. ಆದ್ದರಿಂದ ಹತ್ತು ನಿಮಿಷವಾದರೂ ಅವರೊಬ್ಬರೊಂದಿಗೇ ಕುಳಿತುಕೊಳ್ಳಿ. ‘ಮನೆಗೆ ಹೋದ ಮೇಲೆ ಏನಾದೀತೆಂದು ನಿಮಗೆ ಭಯ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಆ ಮೌನವನ್ನು ನಾವೇ ಮಾತಿನಿಂದ ತುಂಬಿಬಿಟ್ಟರೆ ಅವರು ಹೇಳಬೇಕೆಂದಿದ್ದುದು ಹೇಳದೆಯೇ ಉಳಿದುಹೋಗುತ್ತದೆ.

ಸೂಚನೆಗಳನ್ನು ನಮ್ಮ ಪಟ್ಟಿಯಿಂದಲ್ಲ, ಅವರ ದಿನಚರಿಯಿಂದ ಆರಂಭಿಸಬೇಕು. ಎಷ್ಟು ಹೊತ್ತಿಗೆ ಏಳುತ್ತಾರೆ, ದಿನಕ್ಕೆ ಎಷ್ಟು ಬಾರಿ ಉಣ್ಣುತ್ತಾರೆ, ಮಲಗುವ ಕೋಣೆಯಿಂದ ಶೌಚಾಲಯ ಎಷ್ಟು ದೂರ, ನಡುವೆ ಮೆಟ್ಟಿಲಿದೆಯೇ, ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿಕೊಂಡರೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆಯ ಮೇಲೆ ತೆಗೆದುಕೊಂಡು ರಾತ್ರಿ ನಾಲ್ಕು ಸಲ ಎದ್ದು ಕತ್ತಲಲ್ಲಿ ಜಾರಿ ಬೀಳುವ ಅಪಾಯ ಆಗಲೇ ಕಣ್ಣಿಗೆ ಕಾಣುತ್ತದೆ. ಹಾಸಿಗೆಯಿಂದ ಎದ್ದು ನಿಂತಾಗ ತಲೆ ಸುತ್ತುತ್ತದೆ ಎಂದರೆ ಮಲಗಿದಾಗಲೂ ನಿಂತ ಮೂರು ನಿಮಿಷದೊಳಗೂ ಬಿ.ಪಿ. ನೋಡಿ, ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಮನೆಗೆ ಹೋಗುವ ಮೊದಲೇ ವೈದ್ಯರು ಮಾತ್ರೆಗಳನ್ನು ಮರುಪರಿಶೀಲಿಸಬೇಕು.

ಮಾತ್ರೆಗಳ ಮಾತು

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಅಮೆರಿಕದಲ್ಲಿ 65 ದಾಟಿದವರ ಬಗ್ಗೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧಿಯ ತೊಂದರೆಯಿಂದ ತುರ್ತಾಗಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಕಾರಣವಾಗಿದ್ದವು ನಾಲ್ಕೇ ಬಗೆಯವು: ರಕ್ತ ತೆಳುವಾಗಿಸುವ ವಾರ್ಫರಿನ್, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಥರದ ಮಾತ್ರೆಗಳು ಮತ್ತು ಶುಗರ್ ಮಾತ್ರೆಗಳು. ಇವುಗಳಲ್ಲಿ ಒಂದಾದರೂ ಚೀಟಿಯಲ್ಲಿದ್ದರೆ ಅದಕ್ಕೆಂದೇ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಸೇರದ ದಿನ ಏನು ಮಾಡಬೇಕು, ಬೆವರಿ ಕೈ ನಡುಗಿದರೆ ಏನು ಮಾಡಬೇಕು ಎಂಬುದು ಗೊತ್ತಿರಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಮಂಡಿ ನೋವಿಗೆಂದು ತಾವಾಗಿಯೇ ನೋವಿನ ಮಾತ್ರೆ ನುಂಗಬಾರದು. ತಲೆಗೆ ಪೆಟ್ಟು ಬಿದ್ದರೆ ನೋವಿರಲಿ, ಇಲ್ಲದಿರಲಿ, ಕೂಡಲೇ ಆಸ್ಪತ್ರೆಗೆ ಬರಬೇಕು.

ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತರಿಸಿಕೊಳ್ಳಿ. ಒಬ್ಬ ಅಜ್ಜಿಯ ಚೀಲವನ್ನು ಹಾಸಿಗೆಯ ಮೇಲೆ ಸುರಿದು ನಾವಿಬ್ಬರೂ ಸ್ಟ್ರಿಪ್‌ಗಳನ್ನು ಬೇರೆ ಮಾಡುತ್ತಿದ್ದೆವು. ಹಳೆಯದೊಂದು ಹಸಿರು ಸ್ಟ್ರಿಪ್, ನಾವು ಕೊಟ್ಟಿದ್ದ ಬೆಳ್ಳಿ ಬಣ್ಣದ ಸ್ಟ್ರಿಪ್. ಹೆಸರೂ ಕಂಪನಿಯೂ ಬೇರೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದರೆ ಎರಡರಲ್ಲೂ ಇದ್ದದ್ದು ಬಿ.ಪಿ.ಯ ಒಂದೇ ಔಷಧಿ. ‘ಹಳೆಯದನ್ನು ಬಿಡಿ ಅಂತ ಯಾರೂ ಹೇಳಲಿಲ್ಲವಲ್ಲಮ್ಮ’ ಎಂದರು ಅವರು. ಹೇಳದಿದ್ದುದು ನಮ್ಮ ತಪ್ಪೇ ಆಗಿತ್ತು. ಆದ್ದರಿಂದ ಏನನ್ನು ತೆಗೆದುಕೊಳ್ಳಬೇಕು ಎಂದಷ್ಟೇ ಹೇಳಿದರೆ ಸಾಲದು. ಯಾವುದನ್ನು ನಿಲ್ಲಿಸಬೇಕು, ಯಾವುದು ಹೊಸದು, ಯಾವುದರ ಪ್ರಮಾಣ ಬದಲಾಗಿದೆ, ಏಕೆ ಎಂಬುದನ್ನು ಸ್ಟ್ರಿಪ್‌ಗಳನ್ನು ಕೈಗೆ ಕೊಟ್ಟೇ ತಿಳಿಸಬೇಕು. ನುಂಗಲಾಗುವುದಿಲ್ಲವೆಂದು ಮಾತ್ರೆಯನ್ನು ಪುಡಿ ಮಾಡುವವರಿದ್ದರೆ, ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಹಾಗೆ ಪುಡಿ ಮಾಡಬಾರದೆಂದು ಎಚ್ಚರಿಸಬೇಕು. ಕೊಳ್ಳಲು ಕಷ್ಟವಾಗುವ ಮಾತ್ರೆ ಯಾವುದಾದರೂ ಇದೆಯೇ ಎಂದು ನಾವೇ ಕೇಳಬೇಕು, ಅವರಾಗಿ ಅದನ್ನು ಹೇಳುವುದಿಲ್ಲ.

ತಿರುಗಿ ಹೇಳಿಸುವುದು

‘ಟೀಚ್ ಬ್ಯಾಕ್’ ಎಂದು ಕರೆಯುವ ಈ ಕ್ರಮದಲ್ಲಿ ನಾವು ಹೇಳಿದ್ದನ್ನು ರೋಗಿಯೇ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಾರೆ. ಕೇಳುವ ಧಾಟಿಯಲ್ಲೇ ಎಲ್ಲವೂ ಇದೆ. ಶಾಲೆಯಲ್ಲಿ ಪಾಠ ಒಪ್ಪಿಸಿದಂತಾದರೆ ಹಿರಿಯರಿಗೆ ಅವಮಾನವಾಗುತ್ತದೆ. ಆದ್ದರಿಂದ ಪರೀಕ್ಷೆ ನಮ್ಮದೆಂಬುದು ಅವರಿಗೆ ಗೊತ್ತಾಗಲಿ: ‘ನಾನು ಸರಿಯಾಗಿ ಬಿಡಿಸಿ ಹೇಳಿದೆನೋ ಇಲ್ಲವೋ ತಿಳಿಯಬೇಕಿತ್ತು, ನಾಳೆ ಬೆಳಿಗ್ಗೆ ಎದ್ದ ಮೇಲೆ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳುತ್ತೀರಾ?’ ತಪ್ಪಿದರೆ ಅದೇ ವಾಕ್ಯವನ್ನು ಮತ್ತೆ ಹೇಳದೆ ಬೇರೆ ಬಗೆಯಲ್ಲಿ ಹೇಳಿ, ಮತ್ತೆ ಕೇಳಿ. ಇನ್‌ಹೇಲರ್, ಇನ್ಸುಲಿನ್ ಪೆನ್, ಡ್ರೆಸ್ಸಿಂಗ್, ವಾಕರ್ ಇವುಗಳನ್ನು ಬಾಯಲ್ಲಿ ಹೇಳಿಸಿದರೆ ಸಾಲದು, ನಮ್ಮೆದುರೇ ಅವರ ಕೈಯಲ್ಲಿ ಮಾಡಿಸಬೇಕು. ‘ಏನಾದರೂ ಪ್ರಶ್ನೆ ಇದೆಯೇ?’ ಎಂದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ, ‘ಏನೇನು ಕೇಳಬೇಕೆಂದುಕೊಂಡಿದ್ದೀರಿ?’ ಎಂದರೆ ಒಂದಾದರೂ ಹೊರಬರುತ್ತದೆ.

ಅಪಾಯದ ಲಕ್ಷಣಗಳನ್ನು ಹೇಳುವಾಗ ‘ತೊಂದರೆಯಾದರೆ ಬನ್ನಿ’ ಎಂಬ ಮಾತಿನಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಸಹಿಸಿಕೊಂಡು ಬದುಕಿದವರಿಗೆ ಯಾವುದೂ ತೊಂದರೆಯಲ್ಲ. ಹೃದಯ ವೈಫಲ್ಯ ಇರುವವರಿಗೆ ದಿನವೂ ಬೆಳಿಗ್ಗೆ ತೂಕ ನೋಡಿಕೊಳ್ಳಲು ಹೇಳಿ, ವೈದ್ಯರು ಬೇರೆ ಮಿತಿ ಕೊಟ್ಟಿರದಿದ್ದರೆ, ಒಂದು ದಿನದಲ್ಲಿ ಒಂದು ಕಿಲೋ ಅಥವಾ ವಾರದಲ್ಲಿ ಎರಡು ಕಿಲೋ ದಾಟಿ ಏರಿದರೆ ಅದೇ ದಿನ ಫೋನ್ ಮಾಡಬೇಕೆಂದು ತಿಳಿಸಿ. ಹಿರಿಯರಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ. ಊಟ ಬಿಡುವುದು, ಇದ್ದಕ್ಕಿದ್ದಂತೆ ಗೊಂದಲ, ಹಾಸಿಗೆಯಿಂದ ಏಳಲಾಗದಿರುವುದು ಇವೇ ಅದರ ಮೊದಲ ಸುಳಿವಾಗಿರಬಹುದೆಂದು ಮನೆಯವರಿಗೆ ಹೇಳಿ. ಯಾವುದಕ್ಕೆ ಕೂಡಲೇ ಹೊರಡಬೇಕು, ಯಾವುದಕ್ಕೆ ಫೋನ್ ಸಾಕು ಎಂಬುದು ಬೇರೆ ಬೇರೆಯಾಗಿ ಗೊತ್ತಿರಲಿ.

ಡಿಸ್ಚಾರ್ಜ್ ಸಮ್ಮರಿ ವೈದ್ಯರಿಂದ ವೈದ್ಯರಿಗೆ ಬರೆದದ್ದು. ರೋಗಿಗೆ ಅದರ ಜೊತೆ ಅವರು ಓದಬಲ್ಲ ಭಾಷೆಯಲ್ಲಿ ಇನ್ನೊಂದು ಹಾಳೆ ಬೇಕು. ಅಕ್ಷರ ದಪ್ಪವಾಗಿ, ಅಚ್ಚಾದರೆ 14 ಪಾಯಿಂಟ್‌ಗೆ ಕಡಿಮೆಯಿಲ್ಲದಂತೆ ಇರಲಿ. ಓದಲು ಬಾರದವರಿಗೆ ಸೂರ್ಯ, ಚಂದ್ರರ ಚಿತ್ರ ಬರೆದು ಪಕ್ಕದಲ್ಲಿ ಖಾಲಿ ಸ್ಟ್ರಿಪ್ಪಿನ ತುಂಡು ಅಂಟಿಸಿ. ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕೆಂಬುದು ಹಾಳೆಯ ಮೇಲ್ತುದಿಯಲ್ಲೇ ಇರಲಿ.

ಮನೆಗೆ ಹೋದ ಎರಡು ಮೂರು ದಿನಕ್ಕೆ ನಾವೇ ಫೋನ್ ಮಾಡುವುದು ಸಾಧ್ಯವಿದ್ದರೆ ಖಂಡಿತ ಮಾಡಬೇಕು. ‘ಹೇಗಿದ್ದೀರಿ?’ ಎಂದಷ್ಟೇ ಕೇಳಿದರೆ ‘ಚೆನ್ನಾಗಿದ್ದೇನೆ’ ಎಂದುಬಿಡುತ್ತಾರೆ. ಮಾತ್ರೆಗಳನ್ನು ಎದುರಿಗೆ ಇಟ್ಟುಕೊಳ್ಳಲು ಹೇಳಿ, ಇವತ್ತು ಬೆಳಿಗ್ಗೆ ಯಾವುದನ್ನು ತೆಗೆದುಕೊಂಡಿರಿ ಎಂದು ಒಂದೊಂದಾಗಿ ಓದಿಸಿ. ಓದಿದ್ದು ಹಾಳೆಯಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ಅದೇ ಕರೆಯಲ್ಲಿ ಸರಿಪಡಿಸಿ, ಕಡತದಲ್ಲಿ ಬರೆದು, ಚಿಕಿತ್ಸೆ ಕೊಟ್ಟ ವೈದ್ಯರಿಗೆ ಆ ದಿನವೇ ತಿಳಿಸಿ.