ಧರಾಸುವಿನಲ್ಲಿ ಲೀಟರ್ ಲೆಕ್ಕ

2013ರ ಜೂನ್‌ನಲ್ಲಿ ಉತ್ತರಾಖಂಡದ ಪ್ರವಾಹದ ನಂತರ ವಾಯುಪಡೆಯ ನಮ್ಮ ತಂಡವನ್ನು ಅಲ್ಲಿನ ಧರಾಸುವಿಗೆ ಕಳುಹಿಸಿದರು. ಸುಮಾರು 1,200 ಮೀಟರ್ ಉದ್ದದ ರನ್‌ವೇ, ಕೆಸರು ಹೊತ್ತು ಭೋರ್ಗರೆಯುವ ಭಾಗೀರಥಿ, ಸುತ್ತ ಗುಡ್ಡ. ಹರ್ಸಿಲ್ ಕಡೆ ಸಿಕ್ಕಿಬಿದ್ದ ಗಂಗೋತ್ರಿ ಯಾತ್ರಿಕರನ್ನು ಹೆಲಿಕಾಪ್ಟರ್‌ಗಳು ಇಲ್ಲಿಗೆ ತಂದು ಇಳಿಸಬೇಕು. ನಾನು ಇಂಧನ ವಿಭಾಗದವನು. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದು ಸೇವೆಗೆ ಸೇರಿದವನಿಗೆ ಇಂಥ ಜಾಗಗಳು ಹೊಸದಲ್ಲ. ಆದರೆ ಇಲ್ಲಿ ರಸ್ತೆಯೇ ಕೊಚ್ಚಿಹೋಗಿತ್ತು, ಟ್ಯಾಂಕರ್ ಬರುವ ಮಾತೇ ಇರಲಿಲ್ಲ.

ಮಿ-17 ಹೆಲಿಕಾಪ್ಟರ್ ಒಂದು ಗಂಟೆ ಹಾರಿದರೆ ಏಳೆಂಟು ನೂರು ಲೀಟರ್ ಕುಡಿಯುತ್ತದೆ. ಹಾಗಾಗಿ ಸಿ-130ಜೆ ಹರ್ಕ್ಯುಲಿಸ್ ಸಾಗಣೆ ವಿಮಾನ ಖಾಲಿ ಬೌಸರನ್ನು, ಅಂದರೆ ಇಂಧನ ತುಂಬುವ ಟ್ಯಾಂಕರ್ ಗಾಡಿಯನ್ನು, ಹೊಟ್ಟೆಯೊಳಗೆ ಹಾಕಿಕೊಂಡು ಆ ಚಿಕ್ಕ ಪಟ್ಟಿಯ ಮೇಲೆ ಇಳಿದು, ತನ್ನದೇ ಟ್ಯಾಂಕಿನಿಂದ ಸುಮಾರು 8,000 ಲೀಟರ್ ಇಂಧನವನ್ನು ಅದಕ್ಕೆ ಸುರಿದುಕೊಟ್ಟಿತು. ಒಂದು ಹೆಲಿಕಾಪ್ಟರಿಗೆ ಹತ್ತು ಗಂಟೆಯ ಹಾರಾಟದಷ್ಟು ಎನ್ನಿ. ಹಾರುವ ಯಂತ್ರಕ್ಕೆ ಹಾರುವ ಬಂಕ್!

ಮಳೆಗಾಲದಲ್ಲಿ ನಮ್ಮ ದೊಡ್ಡ ಶತ್ರು ಇಂಧನಕ್ಕೆ ಸೇರುವ ನೀರು. ಕಿಡಿಯ ಭಯವೂ ಇದೆ: ಮೊದಲು ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ, ಆಮೇಲೆ ಹೋಸ್. ಎಷ್ಟೇ ಅವಸರವಿದ್ದರೂ ಈ ಕ್ರಮ ಬದಲಾಗಬಾರದು. ಬೌಸರಿನ ತಳದಿಂದ ಗಾಜಿನ ಜಾಡಿಗೆ ಮಾದರಿ ಹಿಡಿದು ಗರಗರ ತಿರುಗಿಸುತ್ತೇವೆ. ನೀರಿದ್ದರೆ ಸುಳಿ ನಿಲ್ಲುವಾಗ ಮಣಿಮಣಿಯಾಗಿ ನಡುವೆ ತಳಕ್ಕೆ ಕೂರುತ್ತದೆ. ಕಣ್ಣಿಗೆ ಕಾಣದ ತೇವವನ್ನು ಪರೀಕ್ಷಾ ಬಿಲ್ಲೆ ಬಣ್ಣ ಬದಲಿಸಿ ಹೇಳಿಬಿಡುತ್ತದೆ. ಅತ್ತ ಹೆಲಿಕಾಪ್ಟರಿನಲ್ಲಿ ಕಾದು ಕುಳಿತ ಪೈಲಟ್ ಗಡಿಯಾರ ನೋಡುತ್ತಿರುತ್ತಾನೆ. ನೋಡಲಿ. ಆ ಜಾಡಿಯ ಮುಂದೆ ನಾನು ಯಾರ ಮಾತಿಗೂ ಅವಸರ ಮಾಡಿದವನಲ್ಲ.

ಇನ್ನು ಎಷ್ಟು ತುಂಬಬೇಕು ಎಂಬುದು. ಹೊಸ ಹುಡುಗರು ಟ್ಯಾಂಕ್ ಭರ್ತಿ ಮಾಡಿಬಿಡೋಣ ಎನ್ನುತ್ತಿದ್ದರು. ಬೆಟ್ಟದಲ್ಲಿ ಅದಕ್ಕಿಂತ ಕೆಟ್ಟ ಸೇವೆ ಇನ್ನೊಂದಿಲ್ಲ. ಹರ್ಸಿಲ್ ಇರುವುದು 2,600 ಮೀಟರ್ ಆಸುಪಾಸಿನಲ್ಲಿ, ಕೇದಾರನಾಥ 3,500ಕ್ಕೂ ಮೇಲೆ. ಗಾಳಿ ತೆಳುವಾದಂತೆ ರೋಟರ್ ಎತ್ತಬಲ್ಲ ಭಾರವೂ ಇಳಿಯುತ್ತದೆ. ನೂರು ಲೀಟರ್ ಇಂಧನ ಎಂದರೆ ಸರಿಸುಮಾರು ಎಂಬತ್ತು ಕಿಲೋ, ಅಂದರೆ ಒಬ್ಬ ಯಾತ್ರಿಕ. ಹೋಗಿ ಬರಲು ಬೇಕಾದಷ್ಟು, ಮೋಡ ಕವಿದರೆ ಬೇರೆಡೆ ಇಳಿಯಲು ಇನ್ನಷ್ಟು. ಅದರಾಚೆಗಿನ ಪ್ರತಿ ನೂರು ಲೀಟರಿಗೂ ಮೇಲೆ ಒಬ್ಬರು ಉಳಿದುಬಿಡುತ್ತಾರೆ. ಹಾಗೆಂದು ಕಡಿಮೆ ಹಾಕಿದರೆ ಕಣಿವೆಯಲ್ಲಿ ಮಂಜು ಮುಚ್ಚಿದಾಗ ಪೈಲಟ್‌ಗೆ ದಾರಿಯೇ ಇರುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಪೈಲಟ್, ಫ್ಲೈಟ್ ಎಂಜಿನಿಯರ್ ಮತ್ತು ನಾನು ಹೋಸ್ ಹಿಡಿದೇ ಚೌಕಾಸಿ ಮಾಡುತ್ತಿದ್ದೆವು. ಅವರು ಹೇಳಿದ ಅಂಕಿಗೆ ಮೀಟರ್ ಮುಟ್ಟಿದೊಡನೆ ಕೈ ಬಿಡಬೇಕು, ಒಂದು ತೊಟ್ಟೂ ಧಾರಾಳತನ ಬೇಡ.

ಜೂನ್ 25ರಂದು ಗೌರಿಕುಂಡದ ಬಳಿ ನಮ್ಮ ಮಿ-17 ವಿ5 ಬಿದ್ದು ಅದರಲ್ಲಿದ್ದ 20 ಮಂದಿಯೂ ಹೋದರು. ಸುದ್ದಿ ಬಂದಾಗ ಯಾರೂ ಹೆಚ್ಚು ಮಾತನಾಡಲಿಲ್ಲ. ಮರುದಿನವೂ ಜಾಡಿ ಹಿಡಿದು ನಿಂತೆವು.

ಅಂದಹಾಗೆ, ಪ್ರವಾಹವಿದ್ದರೂ ರಿಜಿಸ್ಟರ್ ಯಾರನ್ನೂ ಬಿಡುವುದಿಲ್ಲ. ಬಂದ ಲೀಟರ್, ಹೋದ ಲೀಟರ್, ಸಾಂದ್ರತೆ, ಸಹಿ, ಎಲ್ಲವನ್ನೂ ಟಾರ್ಪಾಲಿನ್ ಕೆಳಗೆ ಒದ್ದೆ ಕೈಯಲ್ಲೇ ಬರೆದೆವು. ಲೆಕ್ಕ ಪರಿಶೋಧನೆಯವರು ಮುಂದೆ ಅದನ್ನೆಲ್ಲ ಸಾಲುಸಾಲಾಗಿ ಕೇಳಿದರು, ಕೇಳಬೇಕಾದದ್ದೇ.