ಪ್ರೋಗ್ರಾಮರ್ ಇಲ್ಲದ ಮನೆಯಲ್ಲಿ ಪ್ರೋಗ್ರಾಮರ್ ಬೆಳೆಯುವ ಬಗೆ

ತಂದೆತಾಯಿ ಎಂಜಿನಿಯರ್ ಆಗಿದ್ದರೆ ಮಕ್ಕಳಿಗೆ ಕೋಡಿಂಗ್ ತಾನಾಗಿ ಒಲಿಯುತ್ತದೆ, ಇಲ್ಲದಿದ್ದರೆ ಸಾಲ ಮಾಡಿಯಾದರೂ ದುಬಾರಿ ತರಗತಿಗೆ ಸೇರಿಸಬೇಕು ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಹೆಸರಾಂತ ಪ್ರೋಗ್ರಾಮರ್‌ಗಳ ಬಾಲ್ಯವನ್ನು ನೋಡಿದರೆ ಈ ಎರಡೂ ಮಾತುಗಳು ಪೂರ್ತಿ ನಿಲ್ಲುವುದಿಲ್ಲ. ಅವರಿಗೆ ಮನೆಯಿಂದ ದೊರೆತದ್ದು ಪಾಠಕ್ಕಿಂತ ಹೆಚ್ಚಾಗಿ ಕೈಗೆಟಕುವ ಒಂದು ಯಂತ್ರ, ಅದನ್ನು ಕೆಡಿಸಿ ನೋಡುವ ಅಪ್ಪಣೆ ಮತ್ತು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯರು. ಕಂಪ್ಯೂಟರಿನ ಗಂಧವೇ ಇಲ್ಲದ ಮನೆಯವರೂ ಇವನ್ನು ಒದಗಿಸಬಹುದು. ಹತ್ತರಿಂದ ಹದಿನೈದು ವರ್ಷದ ಮಕ್ಕಳಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕೊಡಬೇಕಾದುದು ಅಪ್ಪಣೆ. 1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೇಸ್ ಹಾಪರ್ ಏಳು ವರ್ಷದವಳಿದ್ದಾಗ ಅಲಾರಾಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಮನೆಯ ಏಳು ಗಡಿಯಾರಗಳನ್ನು ಬಿಚ್ಚಿ ಹರಡಿದ್ದಳು. ವಿಷಯ ತಿಳಿದ ತಾಯಿ ಬಿಚ್ಚುವುದನ್ನೇ ನಿಷೇಧಿಸದೆ, ಇನ್ನು ಮುಂದೆ ಒಂದೇ ಗಡಿಯಾರ ಎಂದು ಮಿತಿ ಹಾಕಿದರು. ಆ ಹುಡುಗಿಯೇ ಬೆಳೆದು 1952ರಲ್ಲಿ ಎ-0 ಎಂಬ ಆರಂಭಕಾಲದ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ರೂಪಿಸಿದಳು. ಬ್ಯಾಂಕಿನ ಆ್ಯಪ್, ಕಚೇರಿಯ ಕಡತಗಳು ತುಂಬಿರುವ ಫೋನನ್ನೋ ಲ್ಯಾಪ್‌ಟಾಪನ್ನೋ ಮಗುವಿನ ಕೈಗೆ ಕೊಟ್ಟು "ಏನೂ ಒತ್ತಬೇಡ" ಎಂದರೆ ಅದು ಕಲಿಯುವುದು ಭಯವನ್ನಷ್ಟೇ. ಎಂಬತ್ತರ ದಶಕದ ಅಗ್ಗದ ಮನೆ ಕಂಪ್ಯೂಟರ್‌ಗಳೊಡನೆ ಹೀಗೆ ಆಡಿ ಬೆಳೆದ ಮಕ್ಕಳಂಥವರು ಈಗ ಕಡಿಮೆಯಾಗುತ್ತಿದ್ದಾರೆಂದು ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರಿಗೆ ಅನಿಸಿದ್ದರಿಂದಲೇ 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹೊರಬಂದಿತು. ನಿಮ್ಮ ಮನೆಗೆ ಅದೇ ಬೇಕೆಂದಿಲ್ಲ. ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ತಂದು, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶ ಇರುವ ಪೆನ್‌ಡ್ರೈವ್ ಜೊತೆಗಿಟ್ಟು, ಕೆಟ್ಟರೆ ಮೊದಲಿನಿಂದ ಹಾಕಿಕೊಳ್ಳುವುದನ್ನು ಮಗುವಿಗೇ ಕಲಿಸಿಬಿಟ್ಟರೆ, ಕೆಡುವ ಭಯ ತಾನಾಗಿ ಹೋಗುತ್ತದೆ.

ಆ ಯಂತ್ರವನ್ನು ಎಲ್ಲಿಡುತ್ತೀರಿ ಎಂಬುದು ಸಣ್ಣ ವಿಷಯವಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಮಾತನಾಡಿಸಿದಾಗ, ಮನೆಗೆಂದು ತಂದ ಕಂಪ್ಯೂಟರ್ ಎಷ್ಟೋ ಕಡೆ ಗಂಡುಮಕ್ಕಳ ಕೋಣೆ ಸೇರಿದ್ದು ಗೊತ್ತಾಯಿತು. ಆದ್ದರಿಂದ ಅದು ನಡುಮನೆಯಲ್ಲಿರಲಿ, ಅಣ್ಣನಿಗೂ ತಂಗಿಗೂ ಸಮನಾದ ಹೊತ್ತು ಗೊತ್ತುಮಾಡಿರಲಿ. ಸಂಜೆಯಾದೊಡನೆ ಹುಡುಗಿಯನ್ನು ಅಡುಗೆಮನೆಗೆ ಕರೆಯುವ ಮನೆಯಲ್ಲಿ ಅವಳ ಹೊತ್ತು ಬೆಳಗಿನದಾಗಿರಲಿ. ಕರೆಯುವುದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ಹಿರಿಯರು ಜೊತೆಗಿರಬೇಕು ಎಂದರೆ ಹೇಳಿಕೊಡಬೇಕೆಂದಲ್ಲ. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೋರ್ವಾಲ್ಡ್ಸ್‌ನ ತಂದೆತಾಯಿ ಪತ್ರಕರ್ತರು. ಹೆಲ್ಸಿಂಕಿಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಜ್ಜ ಲೆಯೊ ಟೋರ್ನ್‌ಕ್ವಿಸ್ಟ್ ಕೊಮೊಡೋರ್ ವಿಕ್-20 ಎಂಬ ಮನೆ ಕಂಪ್ಯೂಟರ್ ತಂದಾಗ, ತಾವು ಕಾಗದದ ಮೇಲೆ ಬರೆದ ಪ್ರೋಗ್ರಾಮುಗಳನ್ನು ಮೊಮ್ಮಗನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದರು. ನೀವೂ ಮಗುವನ್ನು ಹೀಗೆ ನಿಮ್ಮ ಬೆರಳಚ್ಚುಗಾರನನ್ನಾಗಿ ಮಾಡಿಕೊಳ್ಳಿ. ವಾರಕ್ಕೆರಡು ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ನಿಮಗೆ ಬೇಕಾದ ಒಂದು ಲೆಕ್ಕವನ್ನು ಹೇಳಿ, "ಇದನ್ನು ಯಂತ್ರಕ್ಕೆ ಹೇಗೆ ಹೇಳುತ್ತೀಯ?" ಎಂದು ಕೇಳಿದರೆ ಸಾಕು. ನಿಮಗೆ ಉತ್ತರ ಗೊತ್ತಿಲ್ಲದಿರುವುದು ಇಲ್ಲಿ ಒಳ್ಳೆಯದೇ, ಏಕೆಂದರೆ ವಿವರಿಸುವ ಹೊಣೆ ಮಗುವಿನದಾಗುತ್ತದೆ.

ಆ ಲೆಕ್ಕ ಎಲ್ಲಿಂದ ಬರಬೇಕು? ನಿಮ್ಮ ಮನೆಯ ಕಸುಬಿನಿಂದಲೇ. ಅಮೆರಿಕದ ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್‌ನ ತಂದೆ ಮಿಲ್ವಾಕಿಯಲ್ಲಿ ಸಣ್ಣ ಮುದ್ರಣಾಲಯ ನಡೆಸುತ್ತ ಲೆಕ್ಕಪತ್ರ ಇಡುವುದನ್ನು ಕಲಿಸುತ್ತಿದ್ದವರು. ಮಗ ಮುಂದೆ ಅಕ್ಷರ ಜೋಡಣೆಗೆಂದೇ ಟೆಕ್ ಎಂಬ ತಂತ್ರಾಂಶವನ್ನು 1978ರಲ್ಲಿ ಹೊರತಂದದ್ದು ಕೇವಲ ಆಕಸ್ಮಿಕ ಎನ್ನಲು ನನಗೆ ಮನಸ್ಸಾಗದು. ನಿಮ್ಮದು ಕಿರಾಣಿ ಅಂಗಡಿಯಾದರೆ ಉದ್ರಿ ಪುಸ್ತಕವಿದೆ. ಹಸು ಕಟ್ಟಿದ ಮನೆಯಾದರೆ ಡೇರಿಗೆ ಹಾಕಿದ ಹಾಲಿನ ಲೀಟರ್, ಫ್ಯಾಟ್, ದರಗಳ ಚೀಟಿಯಿದೆ. ಏನೂ ಇಲ್ಲದ ಮನೆಯಲ್ಲೂ ಬಾಗಿಲ ಮುಂದೆ ರಂಗೋಲಿಯಿದೆ. ನಡುವೆ 7 ಚುಕ್ಕಿಯಿಟ್ಟು, ಮೇಲೆ ಕೆಳಗೆ ಸಾಲಿಗೊಂದರಂತೆ ಕಡಿಮೆ ಮಾಡುತ್ತ 4ಕ್ಕೆ ನಿಲ್ಲಿಸಿದರೆ ಒಟ್ಟು 37 ಚುಕ್ಕಿಗಳಾಗುತ್ತವೆ. 7ರ ಬದಲು 15ರಿಂದ ಹೊರಟು 8ಕ್ಕೆ ನಿಲ್ಲಿಸಿದರೆ ಎಷ್ಟು ಎಂದು ಮೊದಲು ಕೈಯಲ್ಲಿ ಎಣಿಸಲಿ, ಆಮೇಲೆ ಎಣಿಸುವ ಪ್ರೋಗ್ರಾಮ್ ಬರೆಯಲಿ. 169 ಬಂದರೆ ಸರಿ. ಒಂದೇ ಕೆಲಸವನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸುವ ಲೂಪ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನನಗೆ ಕಂಡಿಲ್ಲ.

ಅಳಗುಳಿ ಮಣೆ ಇನ್ನೂ ಒಂದು ಮೆಟ್ಟಿಲು ಮೇಲಿನದು. 14 ಗುಳಿಗಳ ಸುತ್ತನ್ನು ಮುಗಿಸಿ ಮತ್ತೆ ಮೊದಲನೆಯದಕ್ಕೆ ಬರುವುದನ್ನು ಯಂತ್ರಕ್ಕೆ ಹೇಳಬೇಕಾದಾಗ, ಶಾಲೆಯಲ್ಲಿ ಕಲಿತು ಮರೆತ ಭಾಗಾಕಾರದ ಶೇಷ ಒಮ್ಮೆಲೇ ಕೆಲಸಕ್ಕೆ ಬರುತ್ತದೆ. ಹಲವು ಮನೆಗಳ ಕ್ರಮದಲ್ಲಿ, ಕೈಯ ಕೊನೆಯ ಬೀಜ ಬಿದ್ದ ಮೇಲೆ ಮುಂದಿನ ಗುಳಿಯ ಬೀಜಗಳನ್ನು ಎತ್ತಿಕೊಂಡು ಆಟ ಮುಂದುವರಿಸುತ್ತಾರೆ, ಅದು ಬರಿದಾಗಿದ್ದರೆ ಅದರಾಚೆಯ ಗುಳಿಯದನ್ನು ಗೆದ್ದುಕೊಳ್ಳುತ್ತಾರೆ. ಆಚೆಯದೂ ಬರಿದಾಗಿದ್ದರೆ? ಅಜ್ಜಿ ಆಡುತ್ತ ಆಡುತ್ತ ತೀರ್ಮಾನಿಸುವುದನ್ನು ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿಡಬೇಕು. ಮಗು ಹೋಗಿ ಅಜ್ಜಿಯನ್ನು ಕೇಳಲಿ, ನೆರೆಮನೆಯ ಅಜ್ಜಿಯನ್ನೂ ಕೇಳಲಿ. ಇಬ್ಬರ ನಿಯಮ ಬೇರೆಯಾಗಿದ್ದರೆ ಒಂದನ್ನು ಆರಿಸಿಕೊಂಡು ಕಾರಣ ಬರೆದಿಡಲಿ.

ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಅಡ್ಡಿಯಾಗುವುದೆಂಬ ಆತಂಕ ಸಹಜ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಡ್ಡಾಯವಾಗಿ ಇಂಗ್ಲಿಷಿನಲ್ಲೇ ಇರಬೇಕಾದ, ಆ ಭಾಷೆಯೇ ಕಾದಿರಿಸಿದ ಪದಗಳು, ಅಂದರೆ ಕೀವರ್ಡ್‌ಗಳು ಸುಮಾರು 35 ಮಾತ್ರ, ಆರಂಭಕ್ಕೆ ಬೇಕಾಗುವುದು ಹತ್ತು. ಪೈಥಾನ್ 3ರಲ್ಲಿ ಲೆಕ್ಕದ ಬೆಲೆಯನ್ನು ಹಿಡಿದಿಡುವ ವೇರಿಯೆಬಲ್‌ಗೆ "ಚುಕ್ಕಿ", "ಮೊತ್ತ" ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಪದೇ ಪದೇ ಕೀಬೋರ್ಡ್ ಬದಲಿಸುವುದು ಬೇಸರವೆನಿಸಿ ಕೆಲವು ತಿಂಗಳಲ್ಲಿ ಮಗು ತಾನೇ ಇಂಗ್ಲಿಷ್ ಅಕ್ಷರಗಳಿಗೆ ಹೊರಳಬಹುದು. ಅಷ್ಟರಲ್ಲಿ ವಿಷಯ ತಲೆಗೆ ಹೋಗಿರುತ್ತದೆ. ತಪ್ಪಾದಾಗ ಬರುವ ಎರರ್ ಸಂದೇಶಗಳನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ಅರ್ಥದೊಡನೆ ಬರೆಸಿರಿ.

ಯಂತ್ರ ಕೊಳ್ಳಲು ಹಣವೇ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಬೇಕು. 1968ರಲ್ಲಿ ಸಿಯಾಟಲ್‌ನ ಲೇಕ್‌ಸೈಡ್ ಶಾಲೆಯ ತಾಯಂದಿರ ಸಂಘ ಹಳೆಯ ಸಾಮಾನುಗಳ ಮಾರಾಟದಿಂದ ಬಂದ ಹಣವನ್ನು ದೂರದ ಕಂಪ್ಯೂಟರಿಗೆ ಜೋಡಿಸುವ ಟರ್ಮಿನಲ್‌ಗೂ ಕಂಪ್ಯೂಟರ್ ಸಮಯಕ್ಕೂ ಕೊಟ್ಟಿದ್ದರಿಂದಲೇ ಬಿಲ್ ಗೇಟ್ಸ್‌ಗೆ ಹದಿಮೂರನೆಯ ವಯಸ್ಸಿನಲ್ಲಿ ಪ್ರೋಗ್ರಾಮ್ ಬರೆಯಲು ಸಾಧ್ಯವಾಯಿತು; ಅದು ಅನುಕೂಲಸ್ಥರ ಖಾಸಗಿ ಶಾಲೆ ಎಂಬುದನ್ನೂ ಮರೆಯುವಂತಿಲ್ಲ. ನಮ್ಮಲ್ಲಿ ಅನೇಕ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಕಂಪ್ಯೂಟರ್ ಇದೆ. ಮೇಲ್ವಿಚಾರಕರ ಬಳಿ ಮಕ್ಕಳಿಗೆ ನಿಗದಿತ ಹೊತ್ತು ಕೇಳಿ ಪಡೆಯಿರಿ.

ಇನ್ನು ತರಗತಿಯ ಮಾತು. ಮಗು ತನ್ನದೇ ಪ್ರೋಗ್ರಾಮ್ ಒಂದನ್ನು ಅರ್ಧ ಬರೆದು, ಮುಂದೆ ದಾರಿ ಕಾಣದೆ ನಿಂತಾಗ ಶಿಕ್ಷಕರನ್ನು ಹುಡುಕಿ. ಶುಲ್ಕ ಕಟ್ಟುವ ಮೊದಲು ಆ ಅರ್ಧ ಪ್ರೋಗ್ರಾಮನ್ನು ಅವರಿಗೆ ತೋರಿಸಿ. ಅದನ್ನು ನೋಡದೆಯೇ ಪಠ್ಯಕ್ರಮದ ಪಟ್ಟಿ ಮುಂದಿಡುವವರಾದರೆ ಬೇರೊಬ್ಬರನ್ನು ನೋಡಿಕೊಳ್ಳಿ.